ಹತ್ತರಾಗ ಏಳು ಮಂದಿ

ಬುಟ್ಟಿಗೆ ದಾರ ಬಿಗಿದು ಕಟ್ಟಿದ ರೇಡಿಯೋದಾಗ
ಐದೂ ಮುಕ್ಕಾಲಿಗೆ ಫ್ಲಾವಿಯಾಬಾಯಿ ನಗಾಕ ಹತ್ತತಾಳ.
ಅಷ್ಟೊತ್ತಿಗೆ ನಂದು ಅರ್ಧ ಕೊಯಿಮಾವಾಡೊ ಮುಗದಿರ್ತೈತಿ.
ಆಕಿ ಕೊಂಕಣಿ ನನ್ನ ಕಿವಿ ಮುಟ್ಟೂದ್ರಾಗ
ಯಲಬುರ್ಗಾದ ಮಾತಾಗಿರ್ತೈತಿ.

"ಹತ್ತರಾಗ ಏಳು ಮಂದಿ," ಅಂತಾಳ,
"ಎದ್ದ ಕೂಡಲೇ ಕನ್ನಡಿ ನೋಡಂಗಿಲ್ಲಂತ, ಸರ್ವೆ ಮಾಡ್ಯಾರ."
ಪೊಂವ್ ಪೊಂವ್.
ಸರ್ವೆ ಯಾಕವ್ವ, ನಾ ದಿನಾ ನೋಡ್ತೀನಿ:
ಕಿವಿಗೆ ಟೂತ್‌ಪೇಸ್ಟ್ ಮೆತ್ತಿಕೊಂಡ ವಕೀಲರು,
ನೈಟಿ ಒಳಗಿಂದು ಹೊರಗ ಮಾಡಿ ತೊಟ್ಟ ಟೀಚರಮ್ಮ,
ಎರಡು ಕಾಲಿಗೆ ಎರಡು ಮನಿ ಚಪ್ಪಲಿ ಹಾಕ್ಕೊಂಡು
ಚಿಲ್ಲರೆ ಬದಲಿ ಕೋಳಿಮೊಟ್ಟಿ ಕೊಡೋ ಫೆಲಿಸಿಯಾನ್ ಅಜ್ಜ.

"ಆಕ್ಟೋಪಸ್ಸಿಗೆ ಮೂರು ಹೃದಯ, ಗೊತ್ತೇನು?"
ಗೊತ್ತಿರಲಿಲ್ಲ. ಕಿಟ್ಲಾದ ಏರಿನಾಗ ಪೆಡಲ್ ತುಳಿಯೂವಾಗ
ನನಗೂ ಇನ್ನೊಂದೆರಡು ಇರಬೇಕಿತ್ತು ಅನ್ನಿಸ್ತು.

"ಎಲ್ಲೋ ಒಂದೂರಾಗ ಆಡು ಬ್ಯಾಂಕಿಗೆ ಹೊಕ್ಕು
ಮ್ಯಾನೇಜರನ ಪಾಸ್‌ಬುಕ್ ತಿಂದೈತಂತ! ಎಂಥಾ ಸುದ್ದಿ!"
ನಮ್ಮ ಕಡೆ ಅದಕ್ಕ ಸುದ್ದಿ ಅನ್ನಂಗಿಲ್ಲ.
ಆಡು ಅಂತೀವಿ.

ಆದ್ರ ಈ ಹತ್ತು ಮಂದಿ ಯಾರು?
ಹನ್ನೊಂದು ವರ್ಷದಾಗ ನನ್ನ ಯಾರೂ ಕೇಳಿಲ್ಲ.
ಕೇಳಿದ್ರ ಕೊಡ್ತಿದ್ದೆ, ತೊಂಬತ್ತೆರಡು ಮನಿ ಪಕ್ಕಾ ಲೆಕ್ಕ.
ಚರ್ಚಿನ ಹಿಂದಿನ ಮನಿ ಎರಡು ಪೊಯ್ಯಿಂದ ಒಂಬತ್ತಕ್ಕ ಏರೈತಿ,
ಬೀಗರು ಬಂದು ಐದು ದಿನ.
ಯಜಮಾನರ ಮಾರಿ ನೋಡಿದ್ರ ಇನ್ನೂ ಹೊಂಟಿಲ್ಲ.
ಡೆನ್ಜಿಲ್ ಮುಂಬಾಗಿಲಿಗೆ ಬಂದು ಕದ್ದು ಕಾಂಕಣ ಒಯ್ತಾನ,
ಆತನ ಹೇಣ್ತಿ ಹಿತ್ತಲ ಬಾಗಿಲಿಗೆ ಬಂದು ಕದ್ದು ಕಾಂಕಣ ಒಯ್ತಾಳ,
ಡಾಕ್ಟರು ಇಬ್ಬರಿಗೂ ಬ್ಯಾಡಂದಾರ.
ನಾ ಇಬ್ಬರಿಗೂ ಹೇಳಿಲ್ಲ.

ಬಾವಿ ಹತ್ತಿರದ ಮನ್ಯಾಗ ಸೋಲಿಸಿಟಾಬಾಯಿ ಒಬ್ಬಾಕಿನ,
ದಿನಾ ಎರಡು ಉಂಡೋ ತಗೋತಾಳ.
ಎರಡನೇದು ಯಾರಿಗಂತ ನಾ ಕೇಳಿಲ್ಲ.
ಸರ್ವೆದವರು ಕೇಳ್ತಿದ್ರು.
ಅದಕ್ಕ ಅವರಿಗೆ ರೊಟ್ಟಿ ಮಾರಾಕ ಬರಂಗಿಲ್ಲ.

ಹೋದ ಮಂಗಳವಾರ ಫ್ಲಾವಿಯಾಬಾಯಿ ಪ್ರಶ್ನಿ ಒಗದಳು:
"ಮನಷ್ಯಾ ಭಾಳ ಖುಷಿ ಇರೂದು ಎಷ್ಟು ಗಂಟೆಕ್ಕ?"
ಸೈಕಲ್ಲು ಶಿಲುಬಿ ಕಟ್ಟಿಗೆ ಆನಿಸಿ ಫೋನ್ ಹಚ್ಚಿದೆ.
ಹತ್ತೇಬಿಟ್ಟಿತು!
"ಹೆಸರು?"
"ಯಮನೂರಪ್ಪ."
"ಯಮ?" ಕಿಸಕ್ಕನ ನಕ್ಕಳು,
"ಬೆಳ್ಳಂಬೆಳಿಗ್ಗೆ ಯಮ ಲೈನಿಗೆ ಬಂದಾನ!"
ಅಲ್ರಿ ಬಾಯಿ, ಪಾವ್ ಮಾರಾವ. ಉತ್ತರ ಬರ್ಕೋರಿ,
ನಾಕೂ ನಲವತ್ತು.
ಭಟ್ಟಿಯಿಂದ ಪೊಯ್ ಬಂದು ಬುಟ್ಟಿಗೆ ಬೀಳತಾವಲ್ಲ,
ಮ್ಯಾಲ ಪ್ಲಾಸ್ಟಿಕ್ ಮುಚ್ಚೂಕಿಂತ ಮೊದಲು
ಮಾರಿಗೆ ಒಂದು ಬಿಸಿ ಉಸುರು ಹೊಡಿತೈತಿ. ಅವಾಗ.

ಆ ಕಡೆ ಒಂದು ಗಳಿಗಿ ನಗು ಇಲ್ಲ, ಹಾಡಿಲ್ಲ, ಜಾಹೀರಾತಿಲ್ಲ.
ಆಮ್ಯಾಲ, "ತಪ್ಪು ಉತ್ತರ.
ಸರ್ವೆ ಪ್ರಕಾರ ಶನಿವಾರ ಸಂಜಿ ಏಳೂ ಇಪ್ಪತ್ತಾರು.
ಆದ್ರೂ ಬಹುಮಾನ ನಿಂದ."

ಬಂತು. ಟೋಸ್ಟರ್.
ಕಾಯ್ತಾನ್ ಬಾಬ್ ಭಟ್ಟಿ ಮುಂದ ಅದನ್ನ ಹೊಳ್ಳಿಸಿ ಹೊಳ್ಳಿಸಿ ನೋಡಿ
ಎದಿಮ್ಯಾಲ ಶಿಲುಬಿ ಗುರುತು ಮಾಡ್ಕೊಂಡ.
ನಮ್ಮ ಪೊಯ್ ದುಂಡಗ, ಅದರ ಬಾಯಿ ಸೀಳು,
ಅತ್ತಿ ಸೊಸಿ ಇದ್ದಂಗ ಒಂದಕ್ಕೊಂದು ಕೂಡಲಿಲ್ಲ.
ಫಕೀರವ್ವ ಎರಡು ದಿನ ಅರಿವಿ ಹೊಚ್ಚಿ ಇಟ್ಟು,
ಮೂರನೇ ದಿನಕ್ಕ ಒಂದು ಸೀಳಿಗೆ ಹಣಿಗಿ,
ಇನ್ನೊಂದಕ್ಕ ಕರೆಂಟಿನ ಬಿಲ್ ಸಿಗಿಸಿದಳು.
ಸಣ್ಣಾಕಿ ಹಿಡಿ ಒತ್ತಿದಾಗೊಮ್ಮೆ ಬಿಲ್ ಒಳಗ ಹೋಗ್ತೈತಿ,
ಎಷ್ಟು ಒತ್ತಿದ್ರೂ ರೊಕ್ಕ ಕಡಿಮಿ ಆಗಿ ಮ್ಯಾಲ ಬರವಲ್ದು.

ಇವತ್ತು ಮುಂಜಾನೆ ಮಂಜಿನಾಗ, ಸೋಲಿಸಿಟಾಬಾಯಿ ಗೇಟಿನ ಮುಂದ,
ರೇಡಿಯೋ ಮತ್ತ ನಕ್ಕಿತು:
"ಹತ್ತರಾಗ ಎಂಟು ಮಂದಿ ಮನ್ಯಾಗ
ಒಮ್ಮೆನೂ ಹಚ್ಚದ ಒಂದು ಮಶೀನ್ ಇರ್ತೈತಂತ!"

ಪೊಂವ್ ಪೊಂವ್!
ಬಾಯಿ, ತಗೋರಿ ನಿಮ್ಮ ಎರಡು ಉಂಡೋ.
ಕಡೀಕೂ ನಾ ಆ ಹತ್ತರಾಗ ಬಂದೆ.